ಮೂರು ತುತ್ತಿನ ತೀರ್ಪು

ತೇಜೊ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವುದಕ್ಕೆ ಮುನ್ನ ದೊಡ್ಡ ಕೆರೆಯಂತೆ ಅಗಲವಾಗಿ ಹರಡಿಕೊಳ್ಳುವ ಎಡೆಯಲ್ಲಿ ಲಿಸ್ಬನ್ ನಗರವಿದೆ. ಪೋರ್ಚುಗಲ್ಲಿನ ಈ ರಾಜಧಾನಿಯ ನಡುಭಾಗದಿಂದ ಹೊರಡುವ ೧೫ನೆಯ ನಂಬರಿನ ಟ್ರಾಂ ಗಾಡಿಯು ನದಿಯ ದಂಡೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗುತ್ತದೆ. ಒಂದು ಪಕ್ಕದಲ್ಲಿ ಹಡಗುಕಟ್ಟೆಗಳು, ಇನ್ನೊಂದು ಪಕ್ಕದಲ್ಲಿ ಹಂಚು ಹೊದಿಸಿದ ಗೋಡೆಗಳ ಹಳೆಯ ಮನೆಗಳು. ಬೆಲೆಂ ಎಂಬ ಬಡಾವಣೆ ಬಂದೊಡನೆ ಗಾಡಿ ಅರ್ಧಕ್ಕರ್ಧ ಬರಿದಾಗುತ್ತದೆ. ಇಳಿದವರಲ್ಲಿ ಕೆಲವರು ಜೆರೊನಿಮೊಸ್ ಮಠದ ಬಿಳಿಯ ಕಲ್ಲುಕೆತ್ತನೆಯ ಬಾಗಿಲ ಕಡೆಗೆ ನಡೆಯುತ್ತಾರೆ. ಉಳಿದವರು ಮೊದಲು ಹೋಗಿ ನಿಲ್ಲುವುದು, ಮಠಕ್ಕೆ ಸಮೀಪದಲ್ಲೇ ಇರುವ ಒಂದು ಮಿಠಾಯಿ ಅಂಗಡಿಯ ಮುಂದಿನ ಸಾಲಿನಲ್ಲಿ. ದೇವರ ದರ್ಶನದ ಸಾಲಿಗಿಂತ ಪ್ರಸಾದದ ಸಾಲು ಉದ್ದವಾಗುವುದು ಕನ್ನಡ ನಾಡಿನಲ್ಲಿಯೂ ಅಪರೂಪದ ಸಂಗತಿಯೇನಲ್ಲವಷ್ಟೆ.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು ಆ ತಿನಿಸು. ಎಸಳೆಸಳಾದ ಹಿಟ್ಟಿನ ಪುಟ್ಟ ಬಟ್ಟಲು. ಅದರೊಳಗೆ ಹಾಲು, ಸಕ್ಕರೆ, ಮೊಟ್ಟೆಯ ಹಳದಿ ಕೂಡಿದ ಮೃದುವಾದ ಕಸ್ಟರ್ಡು. ಮೇಲೆ ಅಲ್ಲಲ್ಲಿ ಕಪ್ಪಿಗೆ ತಿರುಗಿದ ಮಚ್ಚೆಗಳು. ದೇಶದಲ್ಲೆಲ್ಲ ಇದರ ಹೆಸರು 'ಪಾಸ್ತೆಲ್ ದೆ ನಾತ'. ನಾತ ಎಂದರೆ ಕೆನೆ. 'ಪಾಸ್ತೆಲ್ ದೆ ಬೆಲೆಂ' ಎಂದು ಕರೆದು ಮಾರುವ ಹಕ್ಕು ಮಾತ್ರ ಬೆಲೆಂನ ಈ ಒಂದೇ ಅಂಗಡಿಗೆ ಸೇರಿದೆ. ಹೆಸರು ಒಬ್ಬರದು, ತಿನಿಸು ಎಲ್ಲರದು. ಹಾಗಿರುವಾಗ ಒಳ್ಳೆಯದು ಯಾವುದು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಲಿಸ್ಬನ್ನಿನ ಜನರನ್ನು ಬಿಡದೆ ಕಾಡುವುದರಲ್ಲಿ ಆಶ್ಚರ್ಯವೇನಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಮಠದ ಒಳಗೊಮ್ಮೆ ಹೋಗಿಬರಬೇಕು. ವಾಸ್ಕೊ ಡ ಗಾಮನ ಹಡಗುಗಳು ೧೪೯೭ರಲ್ಲಿ ಹೊರಟದ್ದು ಇದೇ ಬೆಲೆಂನ ದಂಡೆಯಿಂದ. ಕಲ್ಲಿಕೋಟೆಯನ್ನು ಮುಟ್ಟಿ ಹಿಂದಿರುಗುವಾಗ, ೧೪೯೮ರಲ್ಲಿ, ಅವನು ತನ್ನ ಹಡಗುಗಳ ದುರಸ್ತಿಗಾಗಿ ತಂಗಿದ್ದುದು ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ. ಆ ಯಾತ್ರೆಯ ಬಳಿಕ ರಾಜ ಮಾನುಯೆಲ್ ೧೫೦೧ರ ಸುಮಾರಿಗೆ ಈ ಮಠದ ಕಟ್ಟಡವನ್ನು ಆರಂಭಿಸಿದನು. ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ವಿಧಿಸಿದ ಇಪ್ಪತ್ತರಲ್ಲೊಂದು ಪಾಲಿನ ಸುಂಕವೇ ಕಟ್ಟಡದ ವೆಚ್ಚಕ್ಕೆ ಆಧಾರವಾಯಿತು. ಆ ಸುಂಕಕ್ಕೆ ಜನರಿಟ್ಟ ಹೆಸರಿನಲ್ಲಿಯೇ ಮೆಣಸು ಸೇರಿಕೊಂಡಿದೆ. ೧೫೨೪ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ಗಾಮನ ಸಮಾಧಿಯೂ ಇಂದು ಇಲ್ಲಿಯೇ ಇದೆ. ಪೋರ್ಚುಗೀಸರು ಒಯ್ದದ್ದು ಮೆಣಸು. ಬಿಟ್ಟುಹೋದದ್ದು ಪಾದ್ರಿ, ಮೇಸ್ತ್ರಿ, ಚಾವಿ ಮುಂತಾದ ಮಾತುಗಳು. ಜೊತೆಗೆ ಕರಾವಳಿ ಸುಲಭವಾಗಿ ಮರೆಯಲಾರದ ಕೆಲವು ಕಹಿ ನೆನಪುಗಳು. ಮಠದ ಕಂಬಗಳ ಮೇಲೆ ಹಗ್ಗ, ಹವಳ, ಕಡಲಪಾಚಿಗಳ ಕೆತ್ತನೆಯನ್ನು ಕಂಡು ಬೆರಗಾಗುವ ಭಾರತೀಯ ಪ್ರವಾಸಿಗೆ ಈ ಲೆಕ್ಕವೂ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ.

ಕಡಲಾಚೆಯ ವ್ಯಾಪಾರವು ಪೋರ್ಚುಗಲ್ಲಿನ ಅಡಿಗೆಮನೆಯನ್ನೂ ಬದಲಿಸಿತು. ಮದೀರ ದ್ವೀಪದಿಂದಲೂ ಆಮೇಲೆ ಬ್ರೆಜಿಲ್ಲಿನಿಂದಲೂ ಸಕ್ಕರೆ ಬಂತು. ಸಿಂಹಳದಿಂದ ದಾಲಚಿನ್ನಿ ಬಂತು. ಮಠಗಳಲ್ಲಿಯೂ ಸಂನ್ಯಾಸಿನಿಯರ ಆಶ್ರಮಗಳಲ್ಲಿಯೂ ಮೊಟ್ಟೆಯ ಬಿಳಿಯನ್ನು ಉಡುಪಿಗೆ ಗಂಜಿ ಹಾಕಲು, ದ್ರಾಕ್ಷಾರಸವನ್ನು ತಿಳಿಗೊಳಿಸಲು ಬಳಸುತ್ತಿದ್ದರೆಂದೂ, ಮಿಕ್ಕ ಹಳದಿಯನ್ನು ಚೆಲ್ಲಲಾರದೆ ಸಿಹಿತಿಂಡಿಗಳನ್ನು ಮಾಡತೊಡಗಿದರೆಂದೂ ಆ ದೇಶದವರು ಹೇಳುತ್ತಾರೆ. 'ಸ್ವರ್ಗದ ಕೊಬ್ಬು', 'ಸಂನ್ಯಾಸಿನಿಯ ಹೊಟ್ಟೆ' ಎಂಬ ಚೇಷ್ಟೆಯ ಹೆಸರುಗಳನ್ನು ಹೊತ್ತ ಹತ್ತಾರು ಭಕ್ಷ್ಯಗಳು ಹೀಗೆ ಹುಟ್ಟಿಕೊಂಡವು. ಮನೆಯಲ್ಲಿ ಉಳಿದ ವಸ್ತುವನ್ನು ಹಾಳುಮಾಡದೆ ರುಚಿಯಾದುದನ್ನು ಮಾಡುವ ಈ ಜಾಣತನ ಯಾವ ನಾಡಿನ ಗೃಹಿಣಿಗೂ ಹೊಸದಲ್ಲ.

೧೮೨೦ರ ಕ್ರಾಂತಿಯ ಅನಂತರ ಕಾಲ ಬದಲಾಯಿತು. ೧೮೩೪ರಲ್ಲಿ ಸರ್ಕಾರವು ದೇಶದ ಮಠಗಳನ್ನೆಲ್ಲ ಮುಚ್ಚಿಸಿತು. ಒಂದು ಕಾಲಕ್ಕೆ ಮೆಣಸಿನ ಸುಂಕದಿಂದ ಎದ್ದ ಮಠದವರು ಅನ್ನಕ್ಕೆ ದಾರಿ ಕಾಣದಾದರು. ಬದುಕುವುದಕ್ಕಾಗಿ ಮಠಕ್ಕೆ ಸೇರಿದ ಯಾರೋ ಒಬ್ಬರು ಈ ಪುಟ್ಟ ತಿನಿಸನ್ನು ಮಾಡಿ, ಪಕ್ಕದ ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡಿದ್ದ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟರೆಂಬುದು ಬೆಲೆಂನ ಅಂಗಡಿಯವರು ಹೇಳುವ ಕತೆ. ೧೮೩೭ರಿಂದ ತಮ್ಮ ವ್ಯಾಪಾರ ನಡೆದಿದೆ ಎನ್ನುತ್ತಾರೆ ಅವರು. ಅಂದಿನ ಪಾಕವಿಧಾನ ಇಂದಿಗೂ ಗುಟ್ಟು. ಕೆಲವೇ ಮಂದಿ ಬಾಣಸಿಗರಿಗೆ ಮಾತ್ರ ಅದು ಗೊತ್ತು. 'ಗುಟ್ಟಿನ ಕಮ್ಮಟ' ಎಂದು ಕರೆಯುವ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಅವರು ಹಿಟ್ಟನ್ನೂ ಕಸ್ಟರ್ಡನ್ನೂ ಸಿದ್ಧಪಡಿಸುತ್ತಾರೆ. ದಿನವೊಂದಕ್ಕೆ ಸುಮಾರು ೨೦,೦೦೦ ತಿನಿಸುಗಳು ಮಾರಾಟವಾಗುತ್ತವೆ ಎಂಬುದು ವಾಡಿಕೆಯ ಲೆಕ್ಕ. ನೀಲಿ-ಬಿಳಿ ಹಂಚುಗಳ ಕೋಣೆಗಳಲ್ಲಿ ಕುಳಿತು, ದಾಲಚಿನ್ನಿಯ ಪುಡಿಯನ್ನೂ ಸಕ್ಕರೆಯ ಪುಡಿಯನ್ನೂ ಉದುರಿಸಿಕೊಂಡು ತಿನ್ನುವ ಪ್ರವಾಸಿಯ ಮುಖದಲ್ಲಿ, ಬಂದ ಕಾರ್ಯ ಸಫಲವಾಯಿತೆಂಬ ತೃಪ್ತಿ ಕಾಣುತ್ತದೆ. ತಿನಿಸೂ ಉತ್ತಮವಾದದ್ದೇ. ಅದರ ಬಟ್ಟಲು ಬಹಳ ಗರಿಗರಿ, ಸಿಹಿ ಮಿತವಾದದ್ದು.

ಆದರೆ ಲಿಸ್ಬನ್ನಿನ ನಿವಾಸಿಯನ್ನು ಕೇಳಿನೋಡಬೇಕು. "ಬೆಲೆಂನದು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ; ಆದರೆ ನಮ್ಮ ಬೀದಿಯ ಮೂಲೆಯಲ್ಲಿ ಒಂದು ಬೇಕರಿ ಇದೆ..." ಎಂದು ಮಾತು ತೆಗೆಯದವರು ವಿರಳ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈ ಒಂದು ವಿಷಯದಲ್ಲಿ ಲಿಸ್ಬನ್ನಿಗೆ ಹೊಂದುವುದಿಲ್ಲ. ಅಲ್ಲಿ ಹಿತ್ತಲ ಗಿಡವೇ ಪರಮೌಷಧ.

ಇದರ ನಿಜವನ್ನು ಅರಿಯಬೇಕಾದರೆ ೨೮ನೆಯ ನಂಬರಿನ ಟ್ರಾಂ ಹತ್ತಬೇಕು. ಆ ಚಿಕ್ಕ ಹಳದಿ ಗಾಡಿಯು ಕಿರಿದಾದ ಓಣಿಗಳಲ್ಲಿ ಗೋಡೆಗಳನ್ನು ಸವರಿಕೊಂಡು, ದಿಬ್ಬಗಳನ್ನು ಏರಿ ಇಳಿದು, ಎಸ್ತ್ರೇಲದ ಬಿಳಿಯ ಚರ್ಚಿನ ಮುಂದೆ ಹಾದು, ಕೊನೆಗೆ ಕಾಂಪೊ ದೆ ಒರೀಕ್ ಎಂಬ ಬಡಾವಣೆಯಲ್ಲಿ ನಿಲ್ಲುತ್ತದೆ. ನೇರವಾದ ಬೀದಿಗಳು, ಮರಗಳ ಸಾಲು, ತರಕಾರಿ ಮಾರುಕಟ್ಟೆ, ಶಾಲೆಯಿಂದ ಮಕ್ಕಳನ್ನು ಕರೆತರುವ ಅಜ್ಜಿಯರು. ಬೆಂಗಳೂರಿನ ಬಸವನಗುಡಿಯ ಪರಿಚಯವಿರುವವರಿಗೆ ಇಲ್ಲಿ ಪರಕೀಯತೆ ತೋರದು. ಪೋರ್ಚುಗಲ್ಲಿನ ಮಹಾಕವಿ ಫೆರ್ನಾಂದೊ ಪೆಸ್ಸೋವ ತನ್ನ ಕೊನೆಯ ಹದಿನೈದು ವರ್ಷಗಳನ್ನು, ೧೯೩೫ರವರೆಗೆ, ಕಳೆದದ್ದು ಈ ಬಡಾವಣೆಯಲ್ಲಿಯೇ.

ಬೆಳಗಿನ ಎಂಟು ಗಂಟೆಗೆ ಇಲ್ಲಿನ ಯಾವ ಬೇಕರಿಯನ್ನು ಹೊಕ್ಕರೂ ಕಾಣುವ ನೋಟ ಒಂದೇ. ಉದ್ದನೆಯ ಕಟ್ಟೆಯ ಮುಂದೆ ಜನ ನಿಂತೇ ತಿನ್ನುತ್ತಾರೆ. ಕಚೇರಿಗೆ ಹೊರಟ ಗುಮಾಸ್ತ, ಔಷಧದ ಅಂಗಡಿಯ ಹೆಂಗಸು, ನಿವೃತ್ತ ಅಧ್ಯಾಪಕ, ಎಲ್ಲರಿಗೂ ತಮ್ಮ ತಮ್ಮ ಜಾಗ ಗೊತ್ತು. ಪುಟ್ಟ ಬಟ್ಟಲಿನ ಗಟ್ಟಿ ಕಾಫಿಗೆ ಲಿಸ್ಬನ್ನಿನವರ ಹೆಸರು 'ಬಿಕ'. "ಎಂದಿನಂತೆಯೇ ತಾನೆ?" ಎಂದು ಕಟ್ಟೆಯ ಹಿಂದಿನ ಹೆಂಗಸು ಕೇಳುವಷ್ಟರಲ್ಲಿಯೇ ಮುದುಕರ ಮುಂದೆ ಒಂದು ಬಿಕ, ಒಂದು ಪಾಸ್ತೆಲ್ ಬಂದು ಕೂತಿರುತ್ತವೆ. ತಿನಿಸಿನ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ.

ಮೊದಲ ಪರೀಕ್ಷೆ ಕಣ್ಣಿನದು. ಮೇಲಿನ ಮಚ್ಚೆಗಳು ಕಪ್ಪಿಗೆ ಹತ್ತಿರವಿರಬೇಕು, ಆದರೆ ಕರಕಲಾಗಿರಬಾರದು. ಈ ನಗರದಲ್ಲಿ ಇದಕ್ಕೊಂದು ಒಪ್ಪುವ ನುಡಿಗಟ್ಟೂ ಉಂಟು. 'ರೆಸ್ವೆಸ್ ಕಾಂಪೊ ದೆ ಒರೀಕ್' ಎಂದರೆ ಕೂದಲೆಳೆಯಲ್ಲಿ ತಪ್ಪಿತು ಎಂದರ್ಥ. ೧೭೫೫ರ ನವೆಂಬರ್ ೧ರಂದು ಲಿಸ್ಬನ್ನನ್ನು ನೆಲಸಮ ಮಾಡಿದ ಭೂಕಂಪದ ಅನಾಹುತವು ಈ ಬಡಾವಣೆಯ ಅಂಚಿನವರೆಗೆ ಬಂದು ನಿಂತಿತು, ಮಾತು ಹುಟ್ಟಿದ್ದು ಹಾಗೆ, ಎಂದು ಜನ ವಿವರಿಸುತ್ತಾರೆ. ಪಾಸ್ತೆಲ್ಲಿನ ಮಚ್ಚೆಯೂ ಹಾಗೆಯೇ, ಸೀದುಹೋಗುವುದಕ್ಕೆ ಕೂದಲೆಳೆಯಷ್ಟು ಮುನ್ನ ಒಲೆಯಿಂದ ಹೊರಬಂದಿರಬೇಕು. ಬೇಕರಿಯ ಒಲೆ ೩೦೦ ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕ ಕಾವಿನದು. ಆ ಉರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಬಟ್ಟಲು ಗರಿಗಟ್ಟುತ್ತದೆ, ಮೇಲ್ಮೈ ಕಂದುತ್ತದೆ. ಒಳಗಿನ ಕಸ್ಟರ್ಡು ಒಡೆದು ನೀರಾಗುವುದಕ್ಕೆ ಹೊತ್ತೇ ಸಿಗುವುದಿಲ್ಲ. ಕಾವು ಸಾಲದಿದ್ದರೆ ಮಚ್ಚೆ ಮೂಡುವುದನ್ನು ಕಾಯುತ್ತ ಕಾಯುತ್ತ ಕಸ್ಟರ್ಡು ಗಟ್ಟಿಯಾಗಿ, ಬಟ್ಟಲು ಮೆತ್ತಗಾಗುತ್ತದೆ.

ಎರಡನೆಯದು ತಿನಿಸಿನ ಬೆನ್ನಿನ ಪರೀಕ್ಷೆ. ಬಲ್ಲವರು ಅದನ್ನು ಮೆಲ್ಲಗೆ ಎತ್ತಿ ಅಡಿಭಾಗವನ್ನು ನೋಡುತ್ತಾರೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತುಸುತ್ತಾದ ಗೆರೆಗಳಿರಬೇಕು. ಚಿರೋಟಿ ಮಾಡಿ ಬಲ್ಲ ಗೃಹಿಣಿಗೆ ಇದರ ಮರ್ಮ ತಟ್ಟನೆ ಹೊಳೆಯುತ್ತದೆ. ತೆಳುವಾಗಿ ಲಟ್ಟಿಸಿದ ಹಾಳೆಗಳಿಗೆ ತುಪ್ಪ-ಅಕ್ಕಿಹಿಟ್ಟು ಸವರಿ, ಒಂದರ ಮೇಲೊಂದಿಟ್ಟು, ಬಿಗಿಯಾಗಿ ಸುರುಳಿ ಸುತ್ತಿ, ಬಿಲ್ಲೆಗಳಾಗಿ ಕತ್ತರಿಸುವುದು ಚಿರೋಟಿಯ ಕ್ರಮ. ಪಾಸ್ತೆಲ್ಲಿನ ಕ್ರಮವೂ ಅದರ ಒಡಹುಟ್ಟಿದಂತಿದೆ. ಅಲ್ಲಿ ಹಿಟ್ಟಿನ ನಡುವೆ ಬೆಣ್ಣೆಯನ್ನೋ ಬೇರೆ ಜಿಡ್ಡನ್ನೋ ಇಟ್ಟು ಮಡಿಸಿ, ಲಟ್ಟಿಸಿ, ಮತ್ತೆ ಮಡಿಸಿ, ಸುರುಳಿ ಸುತ್ತಿ ಕತ್ತರಿಸುತ್ತಾರೆ. ಬಿಲ್ಲೆಯನ್ನು ತಗಡಿನ ಅಚ್ಚಿನಲ್ಲಿಟ್ಟು, ಒದ್ದೆ ಮಾಡಿದ ಹೆಬ್ಬೆರಳಿನಿಂದ ಒತ್ತುತ್ತ ಅಂಚಿನವರೆಗೆ ಏರಿಸುತ್ತಾರೆ. ಚಿರೋಟಿ ಬಾಣಲೆಗೆ ಇಳಿಯುತ್ತದೆ, ಇದು ಒಲೆಯ ಗೂಡಿಗೆ ಹೋಗುತ್ತದೆ. ಹಿಟ್ಟಿನೊಳಗಿನ ನೀರು ಆವಿಯಾಗಿ ಮೇಲೇಳುವಾಗ, ಜಿಡ್ಡಿನಿಂದ ಬೇರ್ಪಟ್ಟ ಪದರಗಳು ಎಸಳೆಸಳಾಗಿ ಬಿಡಿಸಿಕೊಳ್ಳುತ್ತವೆ. ಅಡಿಯಲ್ಲಿ ಸುತ್ತು ಕಾಣದಿದ್ದರೆ, ಹಿಟ್ಟನ್ನು ಆ ಕ್ರಮದಲ್ಲಿ ಸುರುಳಿ ಸುತ್ತಲಿಲ್ಲವೆಂದೇ ತಿಳಿಯಬೇಕು.

ಮೂರನೆಯ ಪರೀಕ್ಷೆ ಕಿವಿಯದು. ಮೊದಲ ತುತ್ತಿಗೆ ಒಣಗಿದ ಎಲೆಯನ್ನು ತುಳಿದಂಥ ಸದ್ದು ಬರಬೇಕು. ಕಸ್ಟರ್ಡಿನ ತೇವ ಗಂಟೆ ಕಳೆದಂತೆಲ್ಲ ಬಟ್ಟಲಿಗೆ ಇಳಿಯುತ್ತದೆ. ಬೆಳಿಗ್ಗೆ ಗರಿಗರಿಯಾಗಿದ್ದದ್ದು ಸಂಜೆಗೆ ಮೂಕವಾಗುತ್ತದೆ. ತಂಪುಪೆಟ್ಟಿಗೆಗೆ ಹೋಗಿಬಂದದ್ದನ್ನು ಕುರಿತು ಮಾತೇ ಬೇಡ. ಆದುದರಿಂದಲೇ ನಗರದ ಕೆಲವು ಅಂಗಡಿಗಳಲ್ಲಿ ಹೊಸದಾಗಿ ಒಲೆಯಿಂದ ಇಳಿಸಿದೊಡನೆ ಗಂಟೆ ಬಾರಿಸುವ ಪದ್ಧತಿ ಇದೆ. ಗಂಟೆಯ ನಾದ ಕೇಳಿ ಬೀದಿಯ ಜನ ಒಳಗೆ ನುಗ್ಗುತ್ತಾರೆ.

ಕೊನೆಯದು ನಾಲಗೆಯ ಪರೀಕ್ಷೆ. ಕಸ್ಟರ್ಡು ಬಾಯಲ್ಲಿ ಕರಗಬೇಕು, ಆದರೆ ಹರಿದುಹೋಗಬಾರದು. ನಿಂಬೆಯ ಸಿಪ್ಪೆ ಮತ್ತು ದಾಲಚಿನ್ನಿಯ ಪರಿಮಳ ಇರಬೇಕು, ಆದರೆ ಹಾಲಿನ ರುಚಿಯನ್ನು ಮುಚ್ಚಬಾರದು. ಮೊಟ್ಟೆಯ ವಾಸನೆ ಮುಂದಾದರೆ ಸೋಲು. ಹಿಟ್ಟಿನ ಹಸಿವಾಸನೆ ಉಳಿದರೂ ಸೋಲು. ಇದರ ಹದವೆಲ್ಲ ಸಕ್ಕರೆ ಪಾಕದಲ್ಲಿದೆ. ಪೋರ್ಚುಗಲ್ಲಿನ ಬಾಣಸಿಗರು ಪಾಕದ ಹಂತಗಳಿಗೆ ಇಟ್ಟಿರುವ ಹೆಸರುಗಳನ್ನು ಕೇಳಿದರೆ ಕನ್ನಡದ ಗೃಹಿಣಿ ಮುಗುಳ್ನಗುತ್ತಾಳೆ. 'ಎಳೆ'ಯ ಹದ, 'ಮುತ್ತಿ'ನ ಹದ, ಸೌಟಿನಿಂದ ಎಳೆದಾಗ ಪಾತ್ರೆಯ ತಳ ಕಾಣುವಂತೆ ದಾರಿ ಬಿಡುವ 'ರಸ್ತೆ'ಯ ಹದ! ಒಂದೆಳೆಪಾಕವೆಂದು ಬೆರಳುಗಳ ನಡುವೆ ಪಾಕವನ್ನು ಎಳೆದು ನೋಡುವ ಕೈಗಳಿಗೂ ಅಲ್ಲಿನ ಕೈಗಳಿಗೂ ನಡುವೆ ಸಾವಿರಾರು ಮೈಲಿಗಳ ಅಂತರವಿದ್ದರೂ, ಕಣ್ಣಿಗೆ ಕಂಡದ್ದು ಒಂದೇ ನೂಲು. ಮೊಟ್ಟೆ ಮುಟ್ಟದ ಮನೆತನದವರು ಪಾಸ್ತೆಲ್ಲಿನ ಸವಿಯನ್ನು ಓದಿಯೇ ತೃಪ್ತರಾಗಬೇಕು. ಆದರೆ ಅದರ ಪಾಕಶಾಸ್ತ್ರದಲ್ಲಿ ಅವರಿಗೂ ಪಾಲಿದೆ.

ಈ ಪರೀಕ್ಷೆಗೆ ಸಾರ್ವಜನಿಕ ರೂಪವೂ ದೊರೆತಿದೆ. ಅತ್ಯುತ್ತಮ ಪಾಸ್ತೆಲ್ ಯಾವುದೆಂದು ತೀರ್ಮಾನಿಸಲು ಈ ಶತಮಾನದಲ್ಲಿ ಲಿಸ್ಬನ್ನಿನಲ್ಲಿ ಸ್ಪರ್ಧೆಗಳು ನಡೆಯುತ್ತ ಬಂದಿವೆ. ೨೦೧೨ರಲ್ಲಿಯೂ ಮರುವರ್ಷವೂ ಮೊದಲ ಸ್ಥಾನ ಪಡೆದದ್ದು ಇದೇ ಕಾಂಪೊ ದೆ ಒರೀಕ್‌ನಲ್ಲಿ ೧೯೪೩ರಿಂದ ನಡೆದುಬಂದಿರುವ ಅಲೋಮ ಎಂಬ ಬೇಕರಿ. ಬಡಾವಣೆಯವರಿಗೆ ಇದರಿಂದ ಹೆಮ್ಮೆಯಾಯಿತು, ಆಶ್ಚರ್ಯವಾಗಲಿಲ್ಲ. ಎಷ್ಟೋ ವರ್ಷಗಳಿಂದ ತಾವು ದಿನವೂ ಕೊಡುತ್ತಿದ್ದ ತೀರ್ಪನ್ನೇ ಪರೀಕ್ಷಕರು ಒಂದು ದಿನ ಬಂದು ಹೇಳಿಹೋದರು, ಅಷ್ಟೆ.

ಅದೇ ೨೦೧೨ರಲ್ಲಿ ದೇಶವು ಸಾಲದ ಭಾರದಿಂದ ನಲುಗುತ್ತಿತ್ತು. ಪಾಸ್ತೆಲ್ ದೆ ನಾತವನ್ನು ಜಗತ್ತಿಗೆಲ್ಲ ಏಕೆ ಮಾರಬಾರದು ಎಂದು ಅಂದಿನ ಆರ್ಥಿಕ ಸಚಿವ ಆಲ್ವಾರೊ ಸಾಂತೊಸ್ ಪೆರೇರ ಪ್ರಶ್ನಿಸಿದರು. ಜನ ನಕ್ಕರು, ಪತ್ರಿಕೆಗಳು ಗೇಲಿ ಮಾಡಿದವು. ಆದರೆ ತಿನಿಸು ನಗುವಿಗೆ ಕಾಯಲಿಲ್ಲ. ಅದಕ್ಕೆ ಮೊದಲೇ, ೧೯೮೯ರಲ್ಲಿ, ಆಂಡ್ರೂ ಸ್ಟೋ ಎಂಬ ಆಂಗ್ಲರು ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಮಕಾವಿನಲ್ಲಿ ಬೇಕರಿ ತೆರೆದು, ತಮ್ಮದೇ ರೀತಿಯ ಪಾಸ್ತೆಲ್ ಮಾಡಿ, ಪೂರ್ವ ಏಷ್ಯದಲ್ಲೆಲ್ಲ ಅದು ಹೆಸರಾಗಲು ಕಾರಣರಾಗಿದ್ದರು. ಇಂದು ಹೆಪ್ಪುಗಟ್ಟಿಸಿದ ಪಾಸ್ತೆಲ್ಲುಗಳು ಪೆಟ್ಟಿಗೆಗಳಲ್ಲಿ ದೇಶದೇಶಗಳಿಗೆ ಹೋಗುತ್ತವೆ. ದೂರದೇಶದ ಅಂಗಡಿಯವನು ಅವನ್ನು ಒಲೆಯಲ್ಲಿಟ್ಟು ಕಾಯಿಸಿ ಮಾರುತ್ತಾನೆ. ಹೊಟ್ಟೆಪಾಡಿನ ವ್ಯಾಪಾರದಲ್ಲಿ ತಪ್ಪು ಹುಡುಕುವುದು ಸಲ್ಲದು. ಆದರೆ ಪೆಟ್ಟಿಗೆಯಿಂದ ಬಂದ ಪಾಸ್ತೆಲ್ಲು ದಿನದಿನಕ್ಕೂ ಬೇರೆಯಾಗುವುದಿಲ್ಲ. ಬೀದಿಯ ಬೇಕರಿಯದು ದಿನದಿನವೂ ಒಂದಿಷ್ಟು ಬೇರೆ. ಹಾಲು ಬದಲಾಗುತ್ತದೆ, ಹವೆ ಬದಲಾಗುತ್ತದೆ, ಒಲೆಯ ಮುಂದೆ ನಿಂತವನ ಕೈ ಬದಲಾಗುತ್ತದೆ. ಅದನ್ನು ಗಮನಿಸುವ ನಾಲಗೆ ಕಟ್ಟೆಯ ಈಚೆಗೆ ನಿಂತಿರುವುದರಿಂದಲೇ ಅದು ಕೆಡದೆ ಉಳಿದಿದೆ.

ಪ್ರವಾಸಿ ಬರುವುದು ಒಂದು ಸಲ. ಅವನಿಗೆ ರುಚಿಸದಿದ್ದರೂ ನಾಳೆಯ ಸಾಲು ಮೋಟಾಗುವುದಿಲ್ಲ. ಸ್ಪರ್ಧೆಯ ಪರೀಕ್ಷಕ ಬರುವುದು ವರ್ಷಕ್ಕೊಂದು ದಿನ. ಬಡಾವಣೆಯ ಮುದುಕರಾದರೋ ಪ್ರತಿದಿನವೂ ಬರುತ್ತಾರೆ. ಸಿಹಿ ಹೆಚ್ಚಾದ ದಿನ ಅವರು ಜಗಳ ಕಾಯುವುದಿಲ್ಲ; ಮೂರನೆಯ ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟು, ದುಡ್ಡು ಕೊಟ್ಟು, ಟೋಪಿ ಏರಿಸಿಕೊಂಡು ಹೊರಡುತ್ತಾರೆ. ಆ ಒಂದು ತುಂಡು ಕಟ್ಟೆಯ ಹಿಂದಿನಿಂದ ಅಡಿಗೆಮನೆಗೆ ಹೋಗಿ ಹೇಳಬೇಕಾದುದನ್ನು ಹೇಳುತ್ತದೆ. ಬೆಲೆಂನ ಗುಟ್ಟಿನ ಕಮ್ಮಟಕ್ಕೆ ಬೀಗವಿದೆ. ಬೀದಿಯ ಬೇಕರಿಗೆ ಇಂಥ ಗಿರಾಕಿಯೇ ಕಾವಲು.

ಈ ಕಾವಲಿಗೇ ಈಗ ಕುತ್ತು ಬಂದಿದೆ. ಲಿಸ್ಬನ್ನಿನ ನಡುವಣ ರೊಸ್ಸಿಯೊ ಚೌಕದಲ್ಲಿ ೧೯೨೨ರಿಂದ ನಡೆದುಬಂದಿದ್ದ ಸುಯಿಸ್ಸ ಎಂಬ ಹೆಸರಾಂತ ಮಿಠಾಯಿ ಅಂಗಡಿ, ಕಟ್ಟಡ ಕೈಬದಲಾದ ಬಳಿಕ, ೨೦೧೮ರಲ್ಲಿ ಬಾಗಿಲು ಮುಚ್ಚಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನಿಂದ ಓಡಿಬಂದ ನಿರಾಶ್ರಿತರು ಹಡಗಿನ ದಾರಿ ಕಾಯುತ್ತ ಅದರ ಮೇಜುಗಳ ಮುಂದೆ ಕುಳಿತಿರುತ್ತಿದ್ದರು. ಹಳೆಯ ಬಡಾವಣೆಗಳಲ್ಲಿ ಮನೆಬಾಡಿಗೆ ಏರಿದಂತೆಲ್ಲ, ತಲೆತಲಾಂತರದಿಂದ ಅಲ್ಲಿದ್ದವರು ಊರಾಚೆಗೆ ಸರಿಯುತ್ತಿದ್ದಾರೆ. ಅವರ ಮನೆಗಳಲ್ಲಿ ಮೂರು ದಿನದ ಅತಿಥಿಗಳು ತಂಗುತ್ತಾರೆ. ಬೇಕರಿ ಉಳಿಯಬಹುದು, ಒಲೆಯೂ ಉರಿಯಬಹುದು, ಪಾಸ್ತೆಲ್ಲುಗಳು ಇಂದಿಗಿಂತ ಹೆಚ್ಚಾಗಿಯೇ ಮಾರಾಟವಾಗಬಹುದು. ಆದರೆ ನಿನ್ನೆಯದಕ್ಕಿಂತ ಇಂದಿನದು ಕಡಿಮೆ ಎಂದು ಹೇಳಲು ನಿನ್ನೆ ತಿಂದವರು ಅಲ್ಲಿರಬೇಕಷ್ಟೆ! ತೀರ್ಪು ಕೊಡುವವರೇ ಊರು ಬಿಟ್ಟರೆ, ತಿನಿಸಿಗೆ ಹೊಗಳಿಕೆ ದಕ್ಕಬಹುದು, ತಿದ್ದುಪಡಿ ದಕ್ಕಲಾರದು.

ಮಠದಿಂದ ಹೊರಬಿದ್ದವರು ಹೊಟ್ಟೆಪಾಡಿಗಾಗಿ ಮಾಡಿದ ತಿನಿಸು ಇದು. ಅಂದು ಅದನ್ನು ಕೊಂಡವರು ನದಿಯ ದಂಡೆಯ ಸಾಮಾನ್ಯ ಜನ. ಮತ್ತೆ ಕೊಂಡರು, ಮಾರನೆಯ ದಿನವೂ ಕೊಂಡರು. ಅದರಿಂದಲೇ ಅದು ಉಳಿಯಿತು. ಹೆಸರು ಬಂದದ್ದು ಆಮೇಲೆ. ಲಿಸ್ಬನ್ನಿಗೆ ಹೋಗುವವರು ಬೆಲೆಂನ ಸಾಲಿನಲ್ಲಿ ಅವಶ್ಯವಾಗಿ ನಿಲ್ಲಲಿ. ಅಲ್ಲಿನ ಸವಿ ಸುಳ್ಳಲ್ಲ. ಆದರೆ ಮರುದಿನ ಬೆಳಿಗ್ಗೆ ೨೮ನೆಯ ಟ್ರಾಂ ಹತ್ತಿ, ಹೆಸರೇ ಕೇಳಿರದ ಒಂದು ಮೂಲೆಯ ಬೇಕರಿಯಲ್ಲಿ, ಸ್ಥಳೀಯರ ಪಕ್ಕದಲ್ಲಿ ನಿಂತು, ಒಂದು ಬಿಕ ಮತ್ತು ಒಂದು ಪಾಸ್ತೆಲ್ ಕೇಳಲಿ. ತಿಂದು ಮುಗಿಸುವ ಮುನ್ನ ಪಕ್ಕದ ಮುದುಕರ ತಟ್ಟೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಲಿ. ತಟ್ಟೆ ಬರಿದಾಗಿದ್ದು, ಕೆಲವು ಎಸಳಿನ ಪುಡಿ ಮಾತ್ರ ಉಳಿದಿದ್ದರೆ, ಆ ದಿನದ ತೀರ್ಪು ಬಂದಂತೆಯೇ ಸರಿ.